ತಲೆಯಿಂದ ಕಾಲಿನವರೆಗೂ ಕಾಣಬೇಕು

ಹಾಲಿವುಡ್‌ನ ಕುಣಿತದ ನಟ ಫ್ರೆಡ್ ಆಸ್ಟೇರ್ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಕೈಯಲ್ಲಿ ಮೆಚ್ಚಿದ ಹುಡುಗಿಯ ಫೋಟೊ. ಹಾಡಿಕೊಳ್ಳುತ್ತಾ ಹೆಜ್ಜೆ ಹಾಕುತ್ತಾ ಬಂದವರು ಒಂದು ಕಾಲನ್ನು ಗೋಡೆಗೆ ಇಡುತ್ತಾರೆ. ಇನ್ನೊಂದು ಕಾಲೂ ಗೋಡೆಗೇ ಹೋಗುತ್ತದೆ. ನೋಡನೋಡುತ್ತಿದ್ದಂತೆ ಗೋಡೆ ಮೇಲೆ ನಿಂತು ಕುಣಿಯುತ್ತಿದ್ದಾರೆ! ಅಲ್ಲಿಂದ ಸೂರಿಗೆ, ಸೂರಿನಿಂದ ಆಚೆ ಗೋಡೆಗೆ, ಮತ್ತೆ ನೆಲಕ್ಕೆ. 1951ರ 'ರಾಯಲ್ ವೆಡ್ಡಿಂಗ್' ಸಿನಿಮಾ. ಆಗ ಆಸ್ಟೇರ್ ಅವರಿಗೆ ವಯಸ್ಸು 50 ದಾಟಿತ್ತು.

ಮಾಡಿದ್ದು ಹೇಗೆ ಅಂತ ತಿಳಿದ ಮೇಲೂ ನನ್ನ ಖುಷಿ ಒಂಚೂರೂ ಕಮ್ಮಿಯಾಗಿಲ್ಲ. ಇಡೀ ಕೋಣೆಯನ್ನು ಪೀಪಾಯಿಯಂಥ ಒಂದು ದೊಡ್ಡ ಚೌಕಟ್ಟಿನೊಳಗೆ ಕಟ್ಟಿ ಉರುಳಿಸಿದ್ದಾರೆ. ಕುರ್ಚಿ, ಮೇಜು, ದೀಪ ಎಲ್ಲವನ್ನೂ ಅಲ್ಲಾಡದ ಹಾಗೆ ಬಿಗಿದಿದ್ದಾರೆ. ಕ್ಯಾಮೆರಾವನ್ನೂ ಅದನ್ನು ನಡೆಸುವವರನ್ನೂ ಕೋಣೆಗೇ ಕಟ್ಟಿಹಾಕಿದ್ದಾರೆ. ಕೋಣೆ ಉರುಳಿದರೆ ಕ್ಯಾಮೆರಾವೂ ಉರುಳುತ್ತದೆ. ಹಾಗಾಗಿ ನಮಗೆ ಕೋಣೆ ನಿಂತಲ್ಲೇ ನಿಂತಿದೆ ಅನ್ನಿಸುತ್ತದೆ. ನಿಜವಾಗಿ ಆಸ್ಟೇರ್ ಯಾವಾಗಲೂ ಕೆಳಗಡೆಯೇ ಇದ್ದಾರೆ. ಗೋಡೆ ಅವರ ಕಾಲಡಿಗೆ ಬಂದು ನೆಲವಾಗುತ್ತದೆ, ಅಷ್ಟೆ. ಆದರೆ ಒಂದು ಹೆಜ್ಜೆ ಅರ್ಧ ಸೆಕೆಂಡು ಹಿಂದೆ ಮುಂದೆ ಆದರೂ ಮುಗ್ಗರಿಸುತ್ತಾರೆ, ಗುಟ್ಟು ಬಯಲಾಗುತ್ತದೆ. ಅವರು ಮುಗ್ಗರಿಸುವುದಿಲ್ಲ. ಗೋಡೆಯಿಂದ ಸೂರಿಗೆ ದಾಟುವ ಜಾಗದಲ್ಲಿ ಅವರ ಕಾಲನ್ನೇ ನೋಡುತ್ತಿರಿ. ಅಲ್ಲಿ ಅವಸರವೂ ಇಲ್ಲ, ಭಯವೂ ಇಲ್ಲ.

ನನ್ನ ಕೆಲಸ ಮದುವೆ ವಿಡಿಯೊ ಎಡಿಟಿಂಗ್. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ ಇದೆ. ದಿನವಿಡೀ ಟೈಮ್‌ಲೈನ್ ಮುಂದೆ ಕೂತು ಫುಟೇಜ್ ಕತ್ತರಿಸುತ್ತೇನೆ. ಸಂಗೀತ್ ಡ್ಯಾನ್ಸ್ ಬಂತೆಂದರೆ ಬೀಟಿಗೊಂದು ಕಟ್. ಬಳೆಯ ಕ್ಲೋಸಪ್, ಕಣ್ಣಿನ ಕ್ಲೋಸಪ್, ಮೇಲಿಂದ ಡ್ರೋನ್, ಸ್ವಲ್ಪ ಸ್ಲೋ ಮೋಷನ್. ಹೀಗೆ ಜೋಡಿಸಿದರೆ ಹೆಜ್ಜೆ ತಪ್ಪಿದವರೂ ಚೆನ್ನಾಗಿ ಕುಣಿದಂತೆ ಕಾಣುತ್ತಾರೆ. ಮನೆಯವರಿಗೂ ಅದೇ ಇಷ್ಟ, ನಾನೂ ಇಷ್ಟಪಟ್ಟೇ ಮಾಡಿಕೊಡುತ್ತೇನೆ. ಕಟ್ ಏನೇನನ್ನು ಮುಚ್ಚಿಡಬಲ್ಲದು ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಆಸ್ಟೇರ್ ಅವರನ್ನು ನೋಡಿದಾಗೆಲ್ಲ ಮೈ ಜುಂ ಎನ್ನುತ್ತದೆ. 1930ರ ದಶಕದಿಂದಲೂ ಅವರದು ಒಂದೇ ಹಟ. ಕುಣಿಯುವಾಗ ತಲೆಯಿಂದ ಕಾಲಿನವರೆಗೂ ಫ್ರೇಮಿನಲ್ಲಿ ಕಾಣಬೇಕು, ಆದಷ್ಟು ಕತ್ತರಿ ಹಾಕಬಾರದು. ಜಿಂಜರ್ ರಾಜರ್ಸ್ ಜೊತೆ ಅವರು ಮಾಡಿದ 'ಟಾಪ್ ಹ್ಯಾಟ್' (1935), 'ಸ್ವಿಂಗ್ ಟೈಮ್' (1936) ಎರಡರಲ್ಲೂ ಅದೇ ಹಟ ಕಾಣುತ್ತದೆ.

ಹಳೆಯ ತಮಾಷೆ ಸಿನಿಮಾ, ಹಾಡು-ಕುಣಿತದ ಸಿನಿಮಾ, ಮಾಯಾಮಂತ್ರದ ಸಿನಿಮಾ ಅಂದರೆ ಸುಮಾರು ಜನ "ಮಕ್ಕಳ ಸಿನಿಮಾ ಬಿಡಿ" ಅಂತ ಪಕ್ಕಕ್ಕಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಗಿಸುವ, ಬೆರಗಾಗಿಸುವ ಆ ಸಿನಿಮಾಗಳು ಪ್ರೇಕ್ಷಕರ ಎದುರು ಎಲ್ಲವನ್ನೂ ತೆರೆದಿಟ್ಟವು. ಕುಣಿಯುವವರ ಕಾಲು, ನೆಲ, ಗೋಡೆ, ಜೀನಿ, ಜೀನಿಯ ಪಕ್ಕದಲ್ಲಿ ನಿಂತ ಹುಡುಗ, ಎಲ್ಲ ಒಂದೇ ಚೌಕಟ್ಟಿನಲ್ಲಿ. ನೋಡಿ, ಕಣ್ತುಂಬ ನೋಡಿ ಅಂತ. ಆ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸ್ಟುಡಿಯೊದ ಪ್ರೊಜೆಕ್ಟರ್ ಮನೆಗೆ ತಂದು ಭಾನುವಾರಗಳಲ್ಲಿ ಅಕ್ಕನ ಮಕ್ಕಳಿಗೆ ಇಂಥ ಸಿನಿಮಾ ಹಾಕುತ್ತೇನೆ. ಹಾಲ್‌ನ ಬಿಳಿ ಗೋಡೆಯೇ ಪರದೆ. ದೊಡ್ಡವಳು ಏಳನೇ ಕ್ಲಾಸು, ಚಿಕ್ಕವನು ಮೂರನೇ ಕ್ಲಾಸು. ಅಮ್ಮನೂ ದಿವಾನದ ಮೇಲೆ ಕಾಲು ಚಾಚಿ ಕೂರುತ್ತಾರೆ. ಇಂಗ್ಲಿಷ್ ಸಿನಿಮಾ ಆದರೆ ಕಥೆಯನ್ನು ನಾನು ಅಲ್ಲಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಹಾಡು ಬಂದಾಗ ಮಾತ್ರ ಏನೂ ಹೇಳುವುದಿಲ್ಲ, ಹೇಳುವ ಅಗತ್ಯವೂ ಬರುವುದಿಲ್ಲ.

ಎಲ್ಲರೂ ಮತ್ತೆ ಮತ್ತೆ ಕೇಳುವುದು 'ಸಿಂಗಿಂಗ್ ಇನ್ ದ ರೇನ್'. 1952ರದು. ನಾಯಕನಾಗಿ ಕುಣಿದ ಜೀನ್ ಕೆಲ್ಲಿ ಮತ್ತು ಸ್ಟಾನ್ಲಿ ಡೋನನ್ ಸೇರಿ ನಿರ್ದೇಶಿಸಿದ್ದು. 'ರಾಯಲ್ ವೆಡ್ಡಿಂಗ್' ಮಾಡಿದ್ದೂ ಇದೇ ಡೋನನ್. ಮೂಕಿ ಚಿತ್ರಗಳು ಹೋಗಿ ಟಾಕಿ ಬಂದ ಕಾಲದ ಗಡಿಬಿಡಿಯೇ ಕಥೆ. ನೋಡಲು ಚೆಂದ ಇರುವ ನಾಯಕಿಯ ದನಿ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು, ಹಾಗಾಗಿ ತೆರೆಮರೆಯಲ್ಲಿ ಇನ್ನೊಬ್ಬ ಹುಡುಗಿ ಅವಳಿಗೆ ದನಿ ಕೊಡುತ್ತಾಳೆ. ಸಿನಿಮಾದೊಳಗೆ ದನಿ ಕೊಡುವವಳು ಡೆಬ್ಬಿ ರೆನಾಲ್ಡ್ಸ್. ವಿಚಿತ್ರ ಅಂದರೆ 'ವುಡ್ ಯೂ' ಹಾಡಿನಲ್ಲಿ ಡೆಬ್ಬಿಗೇ ಬೆಟ್ಟಿ ನಾಯ್ಸ್ ಅನ್ನುವ ಗಾಯಕಿ ದನಿ ಕೊಟ್ಟಿದ್ದಾರೆ!

ಮಳೆ ಹಾಡು ಗೊತ್ತಿಲ್ಲದವರು ಕಮ್ಮಿ. ಆದರೂ ಒಂದು ಸಲ ಬರೀ ಕೆಲ್ಲಿಯ ಕಾಲು ನೋಡಿಕೊಂಡು ನೋಡಿ. ಮೊದಲು ಸುಮ್ನೆ ನಡೆಯುತ್ತಾರೆ. ಛತ್ರಿ ಮಡಚುತ್ತಾರೆ. ದೀಪದ ಕಂಬಕ್ಕೆ ಹಾರಿ ಜೋತುಬೀಳುತ್ತಾರೆ. ಆಮೇಲೆ ಒಂದು ಕಾಲು ಫುಟ್‌ಪಾತ್ ಮೇಲೆ, ಒಂದು ಕಾಲು ರಸ್ತೆ ಮೇಲೆ ಇಟ್ಟು ಏರಿಳಿಯುತ್ತಾ ಹೋಗುತ್ತಾರೆ. ಪೈಪಿನಿಂದ ಧೋ ಅಂತ ಸುರಿಯುವ ನೀರಿನ ಕೆಳಗೆ ಮುಖ ಒಡ್ಡುತ್ತಾರೆ. ಕೊನೆಗೆ ನೀರು ನಿಂತ ಗುಂಡಿಯಲ್ಲಿ ಎರಡೂ ಕಾಲಲ್ಲಿ ಕುಪ್ಪಳಿಸುತ್ತಾರೆ. ಅಲ್ಲಿಗೆ ಪೊಲೀಸಪ್ಪ ಬರುತ್ತಾನೆ. ಗದ್ದಲ ಮಾಡಿ ಸಿಕ್ಕಿಬಿದ್ದ ಹುಡುಗ ನಿಲ್ಲುವಂತೆಯೇ ನಿಂತು, ಮೆಲ್ಲಗೆ ಜಾಗ ಖಾಲಿ ಮಾಡಿ, ಛತ್ರಿಯನ್ನು ಎದುರು ಬಂದವನ ಕೈಗಿಟ್ಟು ಹೋಗಿಬಿಡುತ್ತಾರೆ. ಕ್ಯಾಮೆರಾ ಅವರ ಜೊತೆಜೊತೆಗೇ ಸಾಗುತ್ತದೆ. ಕಟ್ ಬರುವುದು ಬೆರಳೆಣಿಕೆಯಷ್ಟು ಸಲ.

ಆ ರಸ್ತೆ ಎಂಜಿಎಂ ಸ್ಟುಡಿಯೊದ ಹಿತ್ತಲಿನಲ್ಲಿ ಹಾಕಿದ ಸೆಟ್. ಹಗಲಲ್ಲಿ ರಾತ್ರಿ ಮಾಡಲು ಮೇಲೆ ಟಾರ್ಪಾಲು ಹೊದಿಸಿದ್ದರು. ಕೆಲ್ಲಿಯ ಹೆಜ್ಜೆ ಎಲ್ಲಿ ಬೀಳುತ್ತದೋ ಅಲ್ಲೇ ಗುಂಡಿ ತೋಡಿ ನೀರು ನಿಲ್ಲಿಸಿದ್ದರು. ಮಳೆ ಹನಿ ಕಾಣಲಿ ಅಂತ ನೀರಿಗೆ ಹಾಲು ಬೆರೆಸಿದ್ದರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಅದು ಕಟ್ಟುಕಥೆ. ಹನಿ ಕಂಡಿದ್ದು ಹಿಂದಿನಿಂದ ಬಿಟ್ಟ ಲೈಟಿನಿಂದ. ರಾತ್ರಿ ಮಳೆಯಲ್ಲಿ ಮದುವೆ ಮನೆ ಬಾಗಿಲು ಶೂಟ್ ಮಾಡಿದ ಯಾರನ್ನು ಬೇಕಾದರೂ ಕೇಳಿ. ಎದುರಿನಿಂದ ಲೈಟ್ ಬಿಟ್ಟರೆ ಮಳೆ ಕಾಣುವುದೇ ಇಲ್ಲ, ಹಿಂದಿನಿಂದ ಬಿಟ್ಟರೆ ಒಂದೊಂದು ಹನಿಯೂ ಹೊಳೆಯುತ್ತದೆ. ಇಷ್ಟಕ್ಕೂ ಆ ಹಾಡಿನ ಶೂಟಿಂಗ್ ವೇಳೆ ಕೆಲ್ಲಿಗೆ 103 ಡಿಗ್ರಿ ಜ್ವರ. ಜ್ವರದಲ್ಲಿ ನೆನೆಯುತ್ತಾ ಆ ನಗು ನಕ್ಕಿದ್ದಾರೆ.

ಡೆಬ್ಬಿ ರೆನಾಲ್ಡ್ಸ್‌ಗೆ ಆಗ 19. ಡ್ಯಾನ್ಸ್ ಕಲಿತವರಲ್ಲ. ಕೆಲ್ಲಿ ಮತ್ತು ಡೊನಾಲ್ಡ್ ಓ'ಕಾನರ್ ಅಂಥ ಇಬ್ಬರು ಹುಲಿಗಳ ನಡುವೆ ನಿಂತು 'ಗುಡ್ ಮಾರ್ನಿಂಗ್' ಹಾಡಿಗೆ ಹೆಜ್ಜೆ ಹಾಕಬೇಕಿತ್ತು. ಬೆಳಗ್ಗೆ ಶುರುವಾದ ಶೂಟಿಂಗ್ ರಾತ್ರಿ ಮುಗಿಯುವ ಹೊತ್ತಿಗೆ ಕಾಲಲ್ಲಿ ರಕ್ತ ಬಂದಿತ್ತಂತೆ. ತಯಾರಿಯ ದಿನಗಳಲ್ಲಿ ಒಮ್ಮೆ ಪಿಯಾನೊ ಕೆಳಗೆ ಕೂತು ಅಳುತ್ತಿದ್ದಾಗ ಅದೇ ಆಸ್ಟೇರ್ ನೋಡಿ, ಸಮಾಧಾನ ಮಾಡಿ, ತಮ್ಮ ಅಭ್ಯಾಸ ನೋಡಲು ಕರೆದುಕೊಂಡು ಹೋದರು ಅಂತ ಆಕೆಯೇ ಹೇಳಿಕೊಂಡಿದ್ದಾರೆ. ಈ ಸಂಗತಿ ಗೊತ್ತಾದ ಮೇಲೆ ಆ ಹಾಡನ್ನು ಮತ್ತೆ ನೋಡಿದೆ. ಮೂವರೂ ಸಾಲಾಗಿ ಬಂದು ಸೋಫಾ ಏರಿ, ಅದರ ಬೆನ್ನಿಗೆ ಕಾಲಿಟ್ಟು ಸೋಫಾ ಸಮೇತ ಆಚೆ ಉರುಳುವ ಜಾಗ ಬರುತ್ತದೆಯಲ್ಲ, ಅಲ್ಲಿ ಡೆಬ್ಬಿ ಉಳಿದಿಬ್ಬರಿಗಿಂತ ಒಂದು ಕೂದಲಿನಷ್ಟೂ ಹಿಂದೆ ಬಿದ್ದಿಲ್ಲ. ನಾನು ಫ್ರೇಮ್ ಫ್ರೇಮಾಗಿ ನಿಲ್ಲಿಸಿ ನೋಡಿದ್ದೇನೆ.

ಇನ್ನು ಮಾಯಾಮಂತ್ರದ ಸಿನಿಮಾಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಹತ್ತಿರದ್ದು 'ದ ಥೀಫ್ ಆಫ್ ಬಾಗ್ದಾದ್', 1940ರದು. ಅಬು ಅನ್ನುವ ಕಳ್ಳ ಹುಡುಗ, ಕಣ್ಣು ಕಳೆದುಕೊಂಡ ರಾಜ ಅಹ್ಮದ್, ಬಸ್ರಾದ ರಾಜಕುಮಾರಿ, ಮಾಂತ್ರಿಕ ಜಾಫರ್. ಹಾರುವ ಕುದುರೆ, ಹಾರುವ ಚಾಪೆ, ಸೀಸೆಯೊಳಗಿನ ಜೀನಿ, ದೇವಸ್ಥಾನದ ದೈತ್ಯ ಜೇಡ. ಏನಿಲ್ಲ ಹೇಳಿ!

ಆ ಅಬು ನಮ್ಮ ಕಡೆಯ ಹುಡುಗ. ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ, ಕಾರಾಪುರದಲ್ಲಿ. ಹೆಗ್ಗಡದೇವನಕೋಟೆ ದಾಟಿ ಕಬಿನಿ ಹಿನ್ನೀರಿನ ಕಡೆ ಹೋದರೆ ಸಿಗುವ ಅದೇ ಕಾರಾಪುರ. ಅಪ್ಪ ಮೈಸೂರು ಮಹಾರಾಜರ ಆನೆ ಮಾವುತ. ತಂದೆತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ಆನೆ ಲಾಯದಲ್ಲೇ ಬೆಳೆಯುತ್ತಿದ್ದ ಹುಡುಗ, ಸಿನಿಮಾ ಮಾಡಲು ಮೈಸೂರಿಗೆ ಬಂದಿದ್ದ ರಾಬರ್ಟ್ ಫ್ಲಹರ್ಟಿ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆ ಕಂಡಿತು. ಅದರಲ್ಲಿ ಅವನ ಜೊತೆ ನಟಿಸಿದ್ದು ಐರಾವತ ಅನ್ನುವ ಆನೆ. ಅಲ್ಲಿಂದ ಸಾಬು ಇಂಗ್ಲೆಂಡಿಗೆ ಹೋದ. ಮೂರೇ ವರ್ಷದಲ್ಲಿ ಬಾಗ್ದಾದಿನ ಕಳ್ಳನಾಗಿ ಜಗತ್ತಿನ ಮಕ್ಕಳಿಗೆಲ್ಲ ಗೊತ್ತಾದ. ಆಗ ಅವನಿಗೆ ಹದಿನಾರು ವರ್ಷ.

ಮದುವೆ ಶೂಟಿಂಗಿಗೆ ಆ ಕಡೆ ಹೋದಾಗ ಕಾರಾಪುರದಲ್ಲಿ ಒಂದಿಬ್ಬರನ್ನು ಸಾಬು ಬಗ್ಗೆ ಕೇಳಿದ್ದೇನೆ. ಸಫಾರಿ, ಹುಲಿ, ಕಪ್ಪು ಚಿರತೆ ಬಗ್ಗೆ ಬೇಕಾದಷ್ಟು ಹೇಳಿದರು. ಸಾಬು ಹೆಸರು ಅವರು ಕೇಳಿರಲಿಲ್ಲ. ನನಗೆ ತುಂಬ ಬೇಜಾರಾಯಿತು. ಲಾಸ್ ಏಂಜಲೀಸ್‌ನ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಮೆಷಿನ್‌ಗನ್ ಹಿಡಿದವರು, ಅದಕ್ಕೆ ಪದಕ ಪಡೆದವರು. 1963ರಲ್ಲಿ, 39ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ಹುಟ್ಟಿದ ಊರಲ್ಲಿ ಒಂದು ಕಲ್ಲಿನ ಮೇಲಾದರೂ ಅವರ ಹೆಸರು ಇರಬೇಕಿತ್ತು ಅಲ್ವಾ?

ಸಿನಿಮಾದಲ್ಲಿ ನನಗೆ ಪ್ರಾಣವಾದ ಭಾಗ ಸಮುದ್ರ ತೀರದ್ದು. ಅಬು ಒಬ್ಬನೇ ಮರಳಿನ ಮೇಲೆ. ಸೀಸೆ ಸಿಗುತ್ತದೆ, ಮುಚ್ಚಳ ತೆಗೆಯುತ್ತಾನೆ. ಕಪ್ಪು ಹೊಗೆ ಎದ್ದು ಆಕಾಶ ಮುಟ್ಟಿ ಜೀನಿಯಾಗುತ್ತದೆ. ಜೀನಿಯಾಗಿ ರೆಕ್ಸ್ ಇಂಗ್ರಮ್. ಅವರ ನಗು ಕೇಳಿದರೆ ಹಾಲ್‌ನ ಕಿಟಕಿ ಅದುರುತ್ತದೆ. ಎಷ್ಟೋ ಕಾಲ ಸೀಸೆಯಲ್ಲಿ ಕೊಳೆತ ಸಿಟ್ಟಿಗೆ ಜೀನಿ ಹುಡುಗನನ್ನು ತುಳಿದು ಸಾಯಿಸಲು ಕಾಲೆತ್ತುತ್ತದೆ. ಆ ಪಾದದ ಕೆಳಗೆ ನಮ್ಮ ಅಬು ಹೆಬ್ಬೆರಳಿನಷ್ಟು ಎತ್ತರ. ಇಬ್ಬರೂ ಒಂದೇ ಫ್ರೇಮಿನಲ್ಲಿ ಇರುವುದರಿಂದಲೇ ಭಯವಾಗುತ್ತದೆ. "ನೀನು ಇಷ್ಟು ದೊಡ್ಡವನು, ಆ ಪುಟ್ಟ ಸೀಸೆಯೊಳಗೆ ಇದ್ದೆ ಅಂದರೆ ನಾನು ನಂಬಲ್ಲ" ಅನ್ನುವ ಅರ್ಥದಲ್ಲಿ ಅಬು ಕೆಣಕುತ್ತಾನೆ. ಜೀನಿ ತೋರಿಸಲು ಹೋಗಿ ಒಳಗೆ ಸೇರುತ್ತದೆ, ಹುಡುಗ ಟಪ್ ಅಂತ ಮುಚ್ಚಳ ಹಾಕುತ್ತಾನೆ. ನಮ್ಮ ಚಿಕ್ಕವನು ಇಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದ.

ಮೂರು ವರ ಸಿಕ್ಕಾಗ ಅಬು ಮೊದಲು ಕೇಳುವುದೇನು ಗೊತ್ತಾ? ರಾಜ್ಯ ಅಲ್ಲ, ಚಿನ್ನ ಅಲ್ಲ. ಹಸಿವಾಗಿದೆ, ಅಮ್ಮ ಮಾಡುತ್ತಿದ್ದಂಥ ಸಾಸೇಜ್ ಬೇಕು ಅನ್ನುತ್ತಾನೆ. ಚುರುಗುಟ್ಟುವ ಬಾಣಲೆ ಪ್ರತ್ಯಕ್ಷ! ಸಾಬು ಅದನ್ನು ತಿನ್ನುವ ರೀತಿ ನೋಡಿದರೆ ನಿಜವಾಗಿ ಹಸಿದವನು ಅಂತ ಗೊತ್ತಾಗುತ್ತದೆ. ಅವನ ಮುಖದಲ್ಲಿ ನಟನೆಯ ಭಾರವೇ ಇಲ್ಲ. ಈಜುವುದು, ಹತ್ತುವುದು, ಓಡುವುದು ಎಲ್ಲ ಮೈಗೆ ಬಂದದ್ದು. ಜೇಡರ ಬಲೆ ಹತ್ತುವಾಗ ಅವನ ಬೆನ್ನು, ಕಾಲ್ಬೆರಳು ನೋಡಿ. ಆನೆ ಮೇಲೆ ಹತ್ತಿ ಇಳಿದು ಬೆಳೆದ ಮೈ ಅದು ಅಂತ ನನಗೆ ಅನ್ನಿಸುತ್ತದೆ.

ಶುರು ಮಾಡಿದ್ದು ಇಂಗ್ಲೆಂಡಿನ ಡೆನ್ಹಮ್ ಸ್ಟುಡಿಯೊದಲ್ಲಿ. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ. 1939ರಲ್ಲಿ ಯುದ್ಧ ಶುರುವಾಯಿತು, ಉಳಿದ ಭಾಗವನ್ನು ಅಮೆರಿಕಕ್ಕೆ ಹೋಗಿ ಮುಗಿಸಬೇಕಾಯಿತು. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ಮಾಯಾಲೋಕವಾಗಿ ಬಂದದ್ದು ಹಾಗೆ. ಕ್ಯಾಮೆರಾ, ಕಲಾ ನಿರ್ದೇಶನ, ಸ್ಪೆಷಲ್ ಎಫೆಕ್ಟ್ಸ್ ಮೂರಕ್ಕೂ ಆಸ್ಕರ್ ಬಂತು. ಎಫೆಕ್ಟ್ಸ್ ಮಾಡಿದವರಲ್ಲಿ ಒಬ್ಬರು ಲಾರೆನ್ಸ್ ಬಟ್ಲರ್. ನೀಲಿ ಪರದೆ ಮುಂದೆ ಚಿತ್ರಿಸಿ, ನೀಲಿ ಜಾಗದಲ್ಲಿ ಬೇರೆ ದೃಶ್ಯ ಕೂರಿಸುವ ವಿದ್ಯೆಯನ್ನು ಬಣ್ಣದ ಸಿನಿಮಾಗೆ ತಂದವರು. ಈಗ ನೀಲಿಯ ಬದಲು ಹಸಿರು ಪರದೆ, ನಾನು ಮೌಸ್‌ನಲ್ಲಿ ಎರಡು ಕ್ಲಿಕ್ ಮಾಡಿ ಆ ಹಸಿರು ತೆಗೆಯುತ್ತೇನೆ. ಬಟ್ಲರ್ ಅದನ್ನು ಫಿಲ್ಮ್ ಮೇಲೆ, ಲ್ಯಾಬಿನಲ್ಲಿ ಮಾಡಿದ್ದು. ಕೆಲವು ಶಾಟ್‌ಗಳಲ್ಲಿ ಸಾಬು ಸುತ್ತ ಸಣ್ಣಗೆ ನೀಲಿ ಅಂಚು ಕಾಣುತ್ತದೆ. ಅದು ಕಂಡಾಗೆಲ್ಲ ಈ ಕೆಲಸ ಶುರುವಾದ ಜಾಗವನ್ನೇ ಮುಟ್ಟಿದಷ್ಟು ಸಂತೋಷ ನನಗೆ.

'ದ ವಿಝರ್ಡ್ ಆಫ್ ಆಝ್' (1939) ಬಗ್ಗೆ ಒಂದೇ ಒಂದು ಶಾಟ್ ಹೇಳುತ್ತೇನೆ. ಸುಂಟರಗಾಳಿ ಮನೆಯನ್ನು ಹೊತ್ತು ತಂದು ಬೀಳಿಸಿದೆ. ಅಲ್ಲಿವರೆಗೂ ಸಿನಿಮಾ ಕಂದು ಬಣ್ಣದ್ದು. ಡೊರೊಥಿ ಬಾಗಿಲು ತೆಗೆಯುತ್ತಾಳೆ, ಆಚೆ ಬಣ್ಣದ ಲೋಕ. ಅಲ್ಲೊಂದು ಕಟ್ ಹಾಕಿದ್ದರೆ ಸುಲಭ ಆಗುತ್ತಿತ್ತು. ಅವರು ಹಾಕಲಿಲ್ಲ. ಮನೆಯ ಒಳಭಾಗಕ್ಕೆಲ್ಲ ಕಂದು ಬಳಿದು, ಡೊರೊಥಿ ಪಾತ್ರದ ಜೂಡಿ ಗಾರ್ಲೆಂಡ್ ಬದಲಿಗೆ ಕಂದು ಬಟ್ಟೆ ಹಾಕಿದ ಬೇರೆ ಹುಡುಗಿಯನ್ನು ಬೆನ್ನು ಮಾಡಿ ನಿಲ್ಲಿಸಿ, ಶಾಟನ್ನು ಬಣ್ಣದ ಫಿಲ್ಮಿನಲ್ಲೇ ತೆಗೆದರು. ಬಾಗಿಲು ತೆರೆದ ಮೇಲೆ ಆ ಹುಡುಗಿ ಪಕ್ಕಕ್ಕೆ ಸರಿಯುತ್ತಾಳೆ, ನೀಲಿ ಚೌಕಳಿ ಬಟ್ಟೆಯ ಜೂಡಿ ಮುಂದೆ ಬರುತ್ತಾರೆ. ನಮ್ಮ ದೊಡ್ಡವಳು "ಚಿಕ್ಕಮ್ಮ, ರಿವೈಂಡ್ ಮಾಡಿ, ಇನ್ನೊಂದ್ ಸಲ" ಅಂತ ಅದನ್ನೇ ಹಾಕಿಸಿಕೊಂಡಳು.

ಅಮ್ಮನಿಗೆ ಇವೆಲ್ಲಕ್ಕಿಂತ 'ಮಾಯಾಬಜಾರ್' ಮೇಲು. ಅಮ್ಮನ ತವರು ಚಿಂತಾಮಣಿ. ತೆಲುಗು ಅಲ್ಲಿ ಮನೆಮಾತಿನಷ್ಟೇ ಸಲೀಸು. 1957ರಲ್ಲಿ ಮದ್ರಾಸಿನ ವಾಹಿನಿ ಸ್ಟುಡಿಯೊದಲ್ಲಿ ಕೆ.ವಿ. ರೆಡ್ಡಿ ಮಾಡಿದ ಸಿನಿಮಾ. ತೆಲುಗು, ತಮಿಳು ಎರಡರಲ್ಲೂ ಬಂತು. ಮಹಾಭಾರತದ ಪಾತ್ರಗಳನ್ನೇ ಇಟ್ಟುಕೊಂಡು, ಪಾಂಡವರನ್ನು ಒಂದು ಸಲವೂ ತೆರೆ ಮೇಲೆ ತರದೆ, ಪೂರ್ತಿ ಒಂದು ಮದುವೆ ಮನೆ ತಮಾಷೆ ಕಟ್ಟಿದ್ದಾರೆ. ಬಲರಾಮನ ಮಗಳು ಶಶಿರೇಖೆಗೂ ಅಭಿಮನ್ಯುವಿಗೂ ಪ್ರೀತಿ. ಅಪ್ಪ ಅಮ್ಮ ದುರ್ಯೋಧನನ ಮಗನಿಗೆ ಕೊಡಲು ಹೊರಟಿದ್ದಾರೆ. ಘಟೋತ್ಕಚ ಶಶಿರೇಖೆಯನ್ನು ಸಾಗಿಸಿ, ತಾನೇ ಶಶಿರೇಖೆಯಾಗಿ ಮದುವೆ ಮನೆಗೆ ಬಂದು ಕೂರುತ್ತಾನೆ.

ಮಾಯಾ ಶಶಿರೇಖೆಯಾಗಿ ಸಾವಿತ್ರಿ ಮಾಡಿರುವುದನ್ನು ನೋಡಬೇಕು. ಒಳಗೆ ಘಟೋತ್ಕಚ, ಹೊರಗೆ ನಾಚುವ ಹುಡುಗಿ. 'ಅಹ ನಾ ಪೆಳ್ಳಂಟ' ಹಾಡು ಪಿ. ಸುಶೀಲಾ ದನಿಯಲ್ಲಿ ನಯವಾಗಿ ಸಾಗುತ್ತಿರುತ್ತದೆ. ನಡುವೆ ಘಂಟಸಾಲ ಅವರ ಗಂಡು ದನಿ ನುಗ್ಗುತ್ತದೆ. ಆ ಗಳಿಗೆಗೆ ಸಾವಿತ್ರಿಯ ಭುಜ ಅಗಲವಾಗುತ್ತದೆ, ಹೆಜ್ಜೆ ಧಪಧಪ ಬೀಳುತ್ತದೆ, ಕುತ್ತಿಗೆ ನಿಲ್ಲುವ ರೀತಿಯೇ ಬೇರೆ. ಮತ್ತೆ ಹೆಣ್ಣು ದನಿ ಬಂದ ಕೂಡಲೇ ಮೈ ಮೃದುವಾಗುತ್ತದೆ. ಯಾವ ಎಫೆಕ್ಟೂ ಇಲ್ಲ. ಬರೀ ಮೈಯಲ್ಲಿ ಮಾಡಿದ್ದು. ಎಸ್.ವಿ. ರಂಗಾರಾವ್ ಅವರ ಘಟೋತ್ಕಚ ಉಳಿದ ದೃಶ್ಯಗಳಲ್ಲಿ ಹೇಗೆ ನಡೆಯುತ್ತಾರೋ, ನಿಲ್ಲುತ್ತಾರೋ ಅದೇ ನಡೆ ಸಾವಿತ್ರಿಯಲ್ಲಿ ಕಾಣುತ್ತದೆ. ಇದನ್ನು ತೋರಿಸಿದ್ದು ಅಮ್ಮ. "ಕಾಲು ನೋಡೇ, ರಂಗಾರಾವ್ ಕಾಲು ಅದು" ಅಂದರು. ನಾನು ಆಸ್ಟೇರ್ ಬಗ್ಗೆ ಹೇಳುವ ಮಾತನ್ನೇ ಅಮ್ಮ ತಮ್ಮ ರೀತಿಯಲ್ಲಿ ಹೇಳಿಬಿಟ್ಟರು.

ರಂಗಾರಾವ್ ಮದುವೆ ಊಟದ ಮುಂದೆ ಕೂತಾಗ ಲಾಡುಗಳು ತಾವಾಗಿ ಎದ್ದು ಬಾಯಿಗೆ ಹೋಗುವುದಂತೂ ಮಕ್ಕಳಿಗೆ ಹಬ್ಬ. ಪ್ರಿಯದರ್ಶಿನಿ ಅನ್ನುವ ಪೆಟ್ಟಿಗೆ ತೆರೆದಾಗ ಶಶಿರೇಖೆಗೆ ಅದರಲ್ಲಿ ಅಭಿಮನ್ಯು ಕಾಣುತ್ತಾನೆ. ಬಾಗ್ದಾದಿನ ಅಬು ದೇವತೆಯ ಮಾಯಾಕಣ್ಣಿನ ಮಣಿಯಲ್ಲಿ ದೂರದ ಅಹ್ಮದ್‌ನನ್ನು ಕಾಣುವುದೂ ಹೀಗೆಯೇ. ಲಂಡನ್ನಿನವರಿಗೂ ಮದ್ರಾಸಿನವರಿಗೂ ಒಂದೇ ಆಸೆ ಬಂದಿದೆ ನೋಡಿ, ದೂರದಲ್ಲಿರುವವರ ಮುಖ ಕಾಣಬೇಕು ಅಂತ.

ಒಂದು ಮಾತು ಹೇಳಲೇಬೇಕು. 'ಮಾಯಾಬಜಾರ್'ಗೆ 2010ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ಮಾಡಿದವರ ಶ್ರಮದ ಬಗ್ಗೆ ಗೌರವ ಇದೆ. ಆದರೂ ನೀವು ಕಪ್ಪು-ಬಿಳುಪಿನದ್ದೇ ನೋಡಿ. 'ಲಾಹಿರಿ ಲಾಹಿರಿ' ಹಾಡಿನ ಬೆಳದಿಂಗಳು ಕ್ಯಾಮೆರಾಮನ್ ಮಾರ್ಕಸ್ ಬಾರ್ಟ್ಲಿ ಲೈಟಿನಲ್ಲಿ ಸೃಷ್ಟಿಸಿದ್ದು. ನೀರಿನ ಮೇಲಿನ ಹೊಳಪು, ದೋಣಿಯ ಅಂಚು, ಸಾವಿತ್ರಿಯ ಕೆನ್ನೆ, ಎಲ್ಲವನ್ನೂ ಅವರು ಕಪ್ಪು-ಬಿಳುಪಿನ ಲೆಕ್ಕದಲ್ಲೇ ತೂಗಿ ಇಟ್ಟಿದ್ದಾರೆ. ಬಣ್ಣ ಬಂದ ಕೂಡಲೇ ಬೆಳದಿಂಗಳು ಮಾಸಿಹೋಗುತ್ತದೆ.

ಇನ್ನೊಂದು, ರೇ ಹ್ಯಾರಿಹೌಸೆನ್ ಅವರ 'ಜೇಸನ್ ಅಂಡ್ ದ ಆರ್ಗೊನಾಟ್ಸ್' (1963) ಸಿಕ್ಕರೆ ಬಿಡಬೇಡಿ. ಕೊನೆಯಲ್ಲಿ 7 ಅಸ್ಥಿಪಂಜರಗಳು ಕತ್ತಿ ಹಿಡಿದು ಮೂವರ ಮೇಲೆ ಬೀಳುತ್ತವೆ. ಪುಟ್ಟ ಗೊಂಬೆಗಳನ್ನು ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸಿ ತೆಗೆದದ್ದು. ಕೆಲವೇ ನಿಮಿಷದ ಆ ಜಗಳಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತು. ಮನುಷ್ಯರ ಕತ್ತಿ ಗೊಂಬೆಯ ಗುರಾಣಿಗೆ ಬಡಿಯುವ ಆ ಗಳಿಗೆಗಳನ್ನು ಒಂದೊಂದಾಗಿ ಹೊಂದಿಸಿದ ತಾಳ್ಮೆ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ 'ಥೀಫ್ ಆಫ್ ಬಾಗ್ದಾದ್'ನಿಂದ ಶುರು ಮಾಡಿ. ಸಾಬು ಕಾರಾಪುರದವರು ಅಂತ ಮೊದಲೇ ಹೇಳಿ, ಮಕ್ಕಳು ಇನ್ನೂ ಹತ್ತಿರ ಬಂದು ಕೂರುತ್ತಾರೆ. ಮಾಯೆ ಹೇಗೆ ಮಾಡಿದರು ಅನ್ನುವುದನ್ನು ಮಾತ್ರ ಮೊದಲ ಸಲ ಹೇಳಬೇಡಿ. ಎರಡನೇ ಸಲ ನೋಡುವಾಗ ಅವರೇ ಕೇಳುತ್ತಾರೆ.